ಮೆಟ್ಟಿಲು ಯಾರ ಅಳತೆಗೆ?

೨೦೦೪ರ ಜುಲೈ ೧೬ರಂದು ಕುಂಭಕೋಣದ ಶಾಲೆಯೊಂದಕ್ಕೆ ಬೆಂಕಿ ಬಿದ್ದು ೯೪ ಮಕ್ಕಳು ಸತ್ತರು. ಮೇಲೆ ಗರಿಯ ಚಾವಣಿ, ಇಳಿಯಲು ಇಕ್ಕಟ್ಟಾದ ಮೆಟ್ಟಿಲು. ಇಂಥ ಅನಾಹುತವಾದಾಗಲೆಲ್ಲ ‘ಮಕ್ಕಳು ಗಾಬರಿಗೊಂಡರು’ ಎನ್ನುವವರುಂಟು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಮೂರು ವರ್ಷದ ಕೂಸು ಮೆಟ್ಟಿಲಿಳಿಯುವುದನ್ನು ನೋಡಿ: ಒಂದೊಂದು ಮೆಟ್ಟಿಲಲ್ಲೂ ಎರಡು ಕಾಲನ್ನೂ ಕೂಡಿಸಿ ನಿಲ್ಲುತ್ತದೆ, ಆಸರೆಗೆ ಕೈ ತಡಕುತ್ತದೆ. ಕೈಹಿಡಿಯೋ ಅದರ ತಲೆಯ ಮಟ್ಟಕ್ಕಿದೆ. ಬಾಗಿಲ ಅಗುಳಿ ಇನ್ನೂ ಮೇಲೆ. ದೊಡ್ಡವರ ಮೊಣಕಾಲಿಗೆ ಅಳೆದು ಕಟ್ಟಿ, ಹೊತ್ತು ಬಂದಾಗ ಮಗು ತಡಮಾಡಿತೆಂದರೆ ಅದಾವ ನ್ಯಾಯ? ಶಿಸ್ತು ಕಲಿಸಬೇಡಿರೆಂದು ನಾನು ಹೇಳೆನು. ಆದರೆ ಶಿಸ್ತಿನಿಂದ ಕಾಲು ಉದ್ದವಾಗದಷ್ಟೆ. ಗಿಡ್ಡದೊಂದು ಕೈಹಿಡಿ, ಎಳೆಯರಿಗೆ ನೆಲದಂತಸ್ತಿನ ಕೋಣೆ: ಇವು ದಯೆಯಲ್ಲ, ಋಣ. ಮಗುವನ್ನು ಮಹಡಿಗೆ ಹತ್ತಿಸಿದವರು ನಾವು. ನಾನು ಕಂಡ ಶಾಲೆಗಳಲ್ಲಿ ನೆಲದಂತಸ್ತು ಬಹುಮಟ್ಟಿಗೆ ಕಚೇರಿಗೇ ಮೀಸಲು.