ಮರಳಿ ಬಂದವರ ಮುನಿಸು

ವಿದೇಶಕ್ಕೆ ಹೊರಟವರಿಗೆ ಸಲಹೆ ಕೊಡುವವರಿಗೇನೂ ಬರವಿಲ್ಲ. ಚಳಿಗೆ ಯಾವ ಜಾಕೆಟ್, ಸೂಟ್‌ಕೇಸಿನಲ್ಲಿ ಎಷ್ಟು ಸಾರಿನ ಪುಡಿ, ಇಳಿದ ಮೇಲೆ ಯಾವ ಸಿಮ್, ಎಲ್ಲವನ್ನೂ ಹೇಳಿ ಕಳಿಸುತ್ತಾರೆ. ವಾಪಸ್ ಬರುವವರಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಸ್ವಂತ ಮನೆಗೆ ಬರಲು ಸಿದ್ಧತೆ ಏಕೆ ಎಂಬ ಧೈರ್ಯ. ಪೆಟ್ಟು ಬೀಳುವುದು ಅಲ್ಲೇ.

ಹೋದಾಗಿನ ಕಷ್ಟ ಹೇಗೋ ಕಳೆಯುತ್ತದೆ. ಜರ್ಮನಿಗೆ ಓದಲು ಹೋದ ನಮ್ಮ ಹುಡುಗನೊಬ್ಬ ಭಾನುವಾರ ಬಿಡುವಿದೆಯೆಂದು ಖಾಲಿ ಗಾಜಿನ ಬಾಟಲಿಗಳನ್ನು ಬೀದಿ ಕೊನೆಯ ಡಬ್ಬಿಗೆ ಹಾಕಲು ಹೋಗುತ್ತಾನೆ ಎನ್ನಿ. ಎರಡನೆಯ ಬಾಟಲಿ ಸದ್ದು ಮಾಡುವಷ್ಟರಲ್ಲಿ ಮೇಲಿನ ಕಿಟಕಿ ತೆರೆದು ಅಜ್ಜಿಯೊಬ್ಬರು ಗದರುತ್ತಾರೆ. ಅಲ್ಲಿ ಭಾನುವಾರವೆಂದರೆ ಅಂಗಡಿಗೆ ಬೀಗ, ಸದ್ದಿಗೂ ಬೀಗ. ಗಾಜು ಎಸೆಯಲೂ ಹೊತ್ತುಗೊತ್ತು ಇದೆ. ಅದನ್ನು ಡಬ್ಬಿಯ ಮೇಲೆಯೇ ಬರೆದಿರುತ್ತಾರೆ. ಹುಡುಗನಿಗೆ ಅವತ್ತು ಅವಮಾನ. ವರ್ಷ ಕಳೆಯುವಷ್ಟರಲ್ಲಿ ಹೊಸಬರಿಗೆ ಅವನೇ ಮೇಷ್ಟ್ರು.

'ಕಲ್ಚರ್ ಶಾಕ್' ಎಂಬ ಮಾತನ್ನು ಎಲ್ಲೆಡೆ ಹರಡಿದವರು ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್. 1954ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಮಹಿಳಾ ಕ್ಲಬ್ಬಿನಲ್ಲಿ ಈ ಬಗ್ಗೆ ಭಾಷಣ ಮಾಡಿದರು. ಪರದೇಶದಲ್ಲಿ ನೆಲೆಸಿದವರ ಲಕ್ಷಣಗಳೆಂದು ಅವರು ಪಟ್ಟಿ ಮಾಡಿದ್ದರಲ್ಲಿ ಪದೇ ಪದೇ ಕೈ ತೊಳೆಯುವುದು, ಕುಡಿಯುವ ನೀರಿನ ಬಗ್ಗೆ ಅತಿಯಾದ ಆತಂಕ ಎಲ್ಲ ಇವೆ. ತಮಾಷೆಯೆಂದರೆ, ನಮ್ಮಲ್ಲಿ ಇವು ಸ್ವಂತ ಮನೆಗೆ ಬಂದವರಲ್ಲೇ ಕಾಣಿಸುತ್ತವೆ. ಅಮ್ಮ ಕಾಯಿಸಿ ಆರಿಸಿ ಕೊಟ್ಟ ನೀರಿನ ಲೋಟ ಮೇಜಿನ ಮೇಲೇ ಉಳಿಯುತ್ತದೆ; ಮಗ ಸೀಲು ಒಡೆಯದ ಬಾಟಲಿ ಹುಡುಕುತ್ತಾನೆ. ಹೊಟ್ಟೆಯ ಭಯ ಸುಳ್ಳಲ್ಲ. ಆದರೂ ಅಮ್ಮನ ಮುಖ ಸಣ್ಣದಾಗುತ್ತದೆ.

ಹೊರಗೆ ಹೋದಾಗಿನ ಏರಿಳಿತ ಮರಳಿ ಬಂದಾಗಲೂ ಮತ್ತೊಮ್ಮೆ ನಡೆಯುತ್ತದೆ ಎಂದು ಸಂಶೋಧಕರಾದ ಗಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದರು. ನನಗೆ ಕಾಣುವಂತೆ ಎರಡನೆಯ ಸುತ್ತೇ ಹೆಚ್ಚು ಕಠಿಣ. ಪರದೇಶದಲ್ಲಿ ತಪ್ಪಿದರೆ ಹೊಸಬ ಎಂಬ ರಿಯಾಯಿತಿ ಇರುತ್ತದೆ. ಊರಿನಲ್ಲಿ ಅದಿಲ್ಲ. ಬರುವ ಮುಂಚೆ ಒಂದು ಫೋನ್ ಮಾಡಿ ಎಂದರೆ ಚಿಕ್ಕಪ್ಪನಿಗೆ ಸಿಟ್ಟು: 'ಅಲ್ಲಿಗೆ ಹೋಗಿ ಬದಲಾಗಿಬಿಟ್ಟ.' ಬದಲಾದದ್ದು ಅವನೊಬ್ಬನೇ ಅಲ್ಲ. ವಿಡಿಯೊ ಕಾಲ್‌ನಲ್ಲಿ ವಾರವಾರ ಅಪ್ಪನ ಮುಖ ಕಂಡಿತ್ತು. ಮೆಟ್ಟಿಲು ಹತ್ತುವಾಗ ಅವರು ಗೋಡೆ ಹಿಡಿಯುತ್ತಾರೆಂಬುದು ಕಂಡಿರಲಿಲ್ಲ. ಹೋದ ದಿನದ ಊರನ್ನೇ ತಲೆಯಲ್ಲಿಟ್ಟುಕೊಂಡು ಬಂದವನಿಗೆ ಇದು ರಸ್ತೆಯ ಯಾವ ಹಾರ್ನಿಗಿಂತಲೂ ದೊಡ್ಡ ಆಘಾತ.

ಬಂದವರ ಪಾಲಿನ ತಪ್ಪೂ ಇದೆ. ಮಾತೆತ್ತಿದರೆ 'ಅಲ್ಲಿ ಹೀಗಿರಲಿಲ್ಲ'. ಫುಟ್‌ಪಾತ್ ಇಲ್ಲದ್ದಕ್ಕೆ ಸಿಟ್ಟಾಗುವುದು ನ್ಯಾಯವೇ, ಆದರೆ ಆ ದೂರನ್ನು ಪಾಲಿಕೆಗೆ ಕೊಡಬೇಕು. ಊಟ ಬಡಿಸುವ ಅಮ್ಮನಿಗಲ್ಲ. ಪರದೇಶದಲ್ಲಿ ಸ್ವದೇಶಿಗಳೇ ಗುಂಪು ಕೂಡಿ ಅಲ್ಲಿನವರನ್ನು ಬೈಯುವುದನ್ನೂ ಓಬರ್ಗ್ ಗುರುತಿಸಿದ್ದರು. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ವಾಪಸ್ ಬಂದವರೇ ಒಟ್ಟುಗೂಡಿ ಬೆಂಗಳೂರನ್ನು ಬೈಯುವುದೂ ಅದೇ ಜಾತಿಯದು. ಓಬರ್ಗ್ ಹೇಳಿದ ಮದ್ದು ಹಳೆಯದಾದರೂ ಕೆಟ್ಟಿಲ್ಲ: ಅಲ್ಲಿನ ಜನರ ಭಾಷೆ ಕಲಿತು ಅವರೊಡನೆ ಬೆರೆಯುವುದು. ಹೊರಗೆ ಹುಟ್ಟಿದ ಮಕ್ಕಳನ್ನು ಕರೆತಂದವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಮಗು ಕನ್ನಡದಲ್ಲಿ ಜಗಳವಾಡಲು ಕಲಿಯುವವರೆಗೂ ಬೀದಿಯ ಆಟದಲ್ಲಿ ಅದಕ್ಕೆ ಜಾಗವಿಲ್ಲ.

ನಿಮ್ಮ ಮನೆಗೂ ಈ ರಜೆಯಲ್ಲಿ ಯಾರಾದರೂ ಬರುವವರಿದ್ದಾರು. ಸಂಬಳ ಎಷ್ಟು, ವಾಪಸ್ ಯಾವಾಗ ಎಂದು ಕೇಳುವ ಮೊದಲು ಅಲ್ಲಿನ ಪಕ್ಕದ ಮನೆಯವರು ಹೇಗಿದ್ದರು ಎಂದು ಕೇಳಿ, ಉತ್ತರ ಮುಗಿಯುವ ತನಕ ಕೂತುಕೊಳ್ಳಿ.