ಪಾಸ್ ಆದ ಕುದುರೆಯಿಂದ ಇಳಿದವರು

ಇವತ್ತು ನಿಮ್ಮ ಮುಂದೆ ಒಂದೇ ಪ್ರಶ್ನೆ ಇಡ್ತೀನಿ. "ಬೇಡ" ಅನ್ನೋಕೆ ಬಾರದ ಜೀವದಿಂದ ನಾವು ಎಷ್ಟು ಕೇಳಬಹುದು?

ಸೇವೆಗೆ ಬರೋ ಮುಂಚೆ ನಾನು ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಅಲ್ಲಿ ಟೆವಿಸ್ ಕಪ್ ಅಂತ ಒಂದು ಕುದುರೆ ಸವಾರಿ ಇದೆ, 1955ರಲ್ಲಿ ಶುರುವಾದದ್ದು. ಸಿಯೆರಾ ನೆವಾಡಾ ಬೆಟ್ಟಗಳನ್ನು ದಾಟಿ ಆಬರ್ನ್ ಊರಿನ ತನಕ 100 ಮೈಲಿ, ಅಂದ್ರೆ 160 ಕಿಲೋಮೀಟರ್. 24 ಗಂಟೆಯೊಳಗೆ ಮುಗಿಸಬೇಕು. ಹೊರಟವರಲ್ಲಿ ಸುಮಾರು ಅರ್ಧ ಜನ ಮಾತ್ರ ತಲುಪ್ತಾರೆ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಅದಕ್ಕೆ ಹೆಸರು ಕೊಟ್ಟಿದ್ರು. ನೀರು, ಹುಲ್ಲು ಹೊರೋಕೆ ನಾನು ಜೊತೆಗೆ ಹೋದೆ.

ಆ ವರ್ಷ ಬೇಸಿಗೆಗೆ ಮುಂಚೆ ಅವರ ಹೆಣ್ಣು ಕುದುರೆಗೆ ಫ್ಲೂ ಬಂದು ನಾಲ್ಕು ದಿನ ಜ್ವರ ಇತ್ತು. ಪಶುವೈದ್ಯರಲ್ಲಿ ಒಂದು ಲೆಕ್ಕ ಇದೆ: ಒಂದು ದಿನದ ಜ್ವರಕ್ಕೆ ಒಂದು ವಾರ ವಿಶ್ರಾಂತಿ. ಕೆಮ್ಮು ನಿಂತು ಕುದುರೆ ಕುಣಿದಾಡಿದ್ರೂ, ಶ್ವಾಸನಾಳದ ಒಳಪದರ ಮತ್ತೆ ಬೆಳೆಯೋಕೆ ಕನಿಷ್ಠ ಮೂರು ವಾರ ಬೇಕು. ಅವರು ಆರು ವಾರ ಕೊಟ್ಟರು. ಆಮೇಲೆ ಬರೀ ನಡಿಗೆಯಿಂದ ಶುರು ಮಾಡಿ ನಿಧಾನವಾಗಿ ದೂರ ಹೆಚ್ಚಿಸಿದ್ರು.

ಸವಾರಿಯ ದಿನ 36ನೇ ಮೈಲಿ, ರಾಬಿನ್ಸನ್ ಫ್ಲ್ಯಾಟ್. ಅಲ್ಲಿ ಒಂದು ಗಂಟೆ ಕಡ್ಡಾಯ ನಿಲುಗಡೆ. ವೈದ್ಯರು ಎದೆಬಡಿತ ಎಣಿಸ್ತಾರೆ, ಒಸಡಿನ ಬಣ್ಣ ನೋಡ್ತಾರೆ, ಹೊಟ್ಟೆಯ ಸದ್ದು ಕೇಳ್ತಾರೆ, ಓಡಿಸಿ ಕುಂಟುತ್ತಾ ಅಂತ ಪರೀಕ್ಷಿಸ್ತಾರೆ. ಕುದುರೆ ಪಾಸ್! ನಾನು ಚಪ್ಪಾಳೆ ತಟ್ಟಿದೆ. ಅವರು ಮಾತ್ರ ಜೀನು ಬಿಚ್ಚತೊಡಗಿದ್ರು.

"ಬಡಿತ ಇಳಿಯೋಕೆ ಯಾವತ್ತೂ ಐದು ನಿಮಿಷ ಸಾಕು. ಇವತ್ತು ಹದಿನೈದು ಆಯ್ತು. ಎರಡು ಸಲ ಕೆಮ್ಮಿದಳು. ಹುಲ್ಲು ಮುಟ್ಟಲಿಲ್ಲ."

ನಾನು ವಾದ ಮಾಡಿದೆ. "ಡಾಕ್ಟರೇ ಬಿಟ್ಟಿದ್ದಾರಲ್ಲ? ನೋಡಿ, ಅವಳೇ ಹೋಗೋಕೆ ಎಳೀತಿದ್ದಾಳೆ!" ನಿಜ, ಉಳಿದ ಕುದುರೆಗಳು ಹೊರಟಾಗ ಅವಳು ನೆಲ ಕೆರೀತಿದ್ದಳು.

ಅವರು ಹೇಳಿದ್ರು: "ಇವಳು ಹಿಂಡಿನ ಪ್ರಾಣಿ. ಬೇರೆಯವು ಹೋದ್ರೆ ತಾನೂ ಹೋಗ್ತಾಳೆ. ಅದು ಒಪ್ಪಿಗೆ ಅಲ್ಲ." ಮುಂದೆ ಇದ್ದದ್ದು ಆಳವಾದ ಕಣಿವೆಗಳು, 38 ಡಿಗ್ರಿ ದಾಟುವ ಸೆಕೆ.

ಪ್ರಿಯರೇ, ಅರಣ್ಯಕಾಂಡ 22ರಲ್ಲಿ ಬಿಳಾಮ ತನ್ನ ಕತ್ತೆಯನ್ನು ಮೂರು ಸಲ ಹೊಡೆದ. ಅದು ಕಂಡ ಅಪಾಯ ಅವನಿಗೆ ಕಾಣಲಿಲ್ಲ. ಆ ಕತ್ತೆಗೆ ದೇವರು ಬಾಯಿ ಕೊಟ್ಟರು. ನಮ್ಮ ಕೈಕೆಳಗಿನ ಜೀವಗಳಿಗೆ ಸಾಮಾನ್ಯವಾಗಿ ಬಾಯಿ ಸಿಗಲ್ಲ. ಆಗ ಅವರ ಪರವಾಗಿ "ಸಾಕು" ಅನ್ನಬೇಕಾದವರು ಯಾರು? ಸವಾರಿ ಮಾಡ್ತಿರೋ ನಾವೇ ಅಲ್ವಾ?

ಹಾಗಂತ ಕುದುರೆಯನ್ನು ಲಾಯದಲ್ಲೇ ಕಟ್ಟಿಡಬೇಕಾ? ಇಲ್ಲ. ಅವರೂ ಅದನ್ನು 36 ಮೈಲಿ ಓಡಿಸಿದ್ರು, ಅದು ತಪ್ಪಲ್ಲ. ಆದರೆ ನಿಯಮ ಅನ್ನೋದು ದೊಡ್ಡ ಹಾನಿ ತಡೆಯೋ ಬೇಲಿ ಅಷ್ಟೇ. ಬೇಲಿಯೊಳಗೆ ಇದ್ದ ಮಾತ್ರಕ್ಕೆ ಪ್ರೀತಿಸಿದ ಹಾಗೆ ಆಗಲ್ಲ. ವೈದ್ಯರು ಆ ಕುದುರೆಯನ್ನು ನೋಡಿದ್ದು ಕೆಲವೇ ನಿಮಿಷ. ಇವರಿಗೆ ಅದು ಎಂಟು ವರ್ಷದಿಂದ ಗೊತ್ತು. ಹೆಚ್ಚು ಗೊತ್ತಿರೋರ ಮೇಲೆ ಹೆಚ್ಚು ಹೊಣೆ.

ನಿಮ್ಮ ಟೀಮಲ್ಲಿ ಡೆಂಗ್ಯೂ ಆಗಿ ಮೊನ್ನೆ ತಾನೇ ಎದ್ದ ಜೂನಿಯರ್ ಒಬ್ಬ ಇರಬಹುದು. ರಾತ್ರಿ ಹನ್ನೊಂದಕ್ಕೆ ಕಾಲ್ ಮಾಡಿದ್ರೆ "ಪರವಾಗಿಲ್ಲ ಸರ್" ಅಂತಾನೆ. ಅದು ಒಪ್ಪಿಗೆನಾ, ಹಿಂಡಿನ ಭಯನಾ? ನಮ್ಮ ಆರಾಧನಾ ತಂಡದಲ್ಲೂ ಜ್ವರ ಇಟ್ಟುಕೊಂಡು ಹಾಡಿದವರಿದ್ದಾರೆ. "ಎಂಥಾ ಸಮರ್ಪಣೆ!" ಅಂತ ಹೊಗಳಿದವನು ನಾನೇ. ಕರ್ತನು ನನ್ನನ್ನು ಕ್ಷಮಿಸಲಿ.

ಮರುವಾರ ಕುದುರೆ ಚೆನ್ನಾಗೇ ಇತ್ತು. ಹಾಗಾದ್ರೆ ಹಿಂದೆ ಸರಿದದ್ದು ವ್ಯರ್ಥವಾ? ಅದು ಚೆನ್ನಾಗಿದ್ದದ್ದೇ ಆ ನಿರ್ಧಾರದ ಫಲ ಇರಬಹುದು. ಸಾಬೀತು ಮಾಡೋಕಾಗಲ್ಲ. ಮುಗಿಸಿದವರಿಗೆ ಸಿಗೋ ಬೆಳ್ಳಿಯ ಬಕಲ್ ಅವರಿಗೆ ಸಿಗಲಿಲ್ಲ. ಕರುಣೆಗೆ ಎಷ್ಟೋ ಸಲ ಸಾಕ್ಷಿ ಇರಲ್ಲ.

ಎದ್ದು ನಿಲ್ಲೋಣ. ಈ ವಾರ ನಿಮಗೆ "ಇಲ್ಲ" ಅನ್ನಲಾಗದ ಒಬ್ಬರ ಹೆಸರನ್ನು ಮನಸ್ಸಿನಲ್ಲೇ ಹೇಳಿ. ಅವರ ಬೆನ್ನಿನಿಂದ ಇಳಿಯೋ ಧೈರ್ಯಕ್ಕಾಗಿ ಪ್ರಾರ್ಥಿಸೋಣ. ಆಮೆನ್.