ಬಿಳಿ ಗೆರೆಯ ಋಣ

ಕುಂದಾಪುರದ ಕಡೆಯ ನಮ್ಮೂರಲ್ಲಿ ಚಿಕ್ಕಂದಿನಲ್ಲಿ ನನಗೆ ಗೊತ್ತಿದ್ದ ಗೆರೆ ಒಂದೇ: ಗದ್ದೆಯ ಹುಣಿ. ಘಟ್ಟದ ಮೇಲಿನವರು ಅದಕ್ಕೆ ಬದು ಅನ್ನುತ್ತಾರೆ. ಪಕ್ಕದ ಗದ್ದೆಯವರು ವರ್ಷಕ್ಕೊಂದು ಗೇಣು ಹುಣಿ ಕೆರೆಯುತ್ತಾರೆ ಎಂಬುದು ಅಪ್ಪಯ್ಯನ ಖಾಯಂ ದೂರು. "ನಾವೂ ಈಚೆಯಿಂದ ಒಂದು ಗೇಣು ಕೆರೆದರಾಯ್ತಲ್ಲ?" ಎಂದು ಒಮ್ಮೆ ಕೇಳಿದ್ದೆ. ಅಪ್ಪಯ್ಯ ನಕ್ಕು, "ಇಬ್ರೂ ಕೆರೆದ್ರೆ ಹುಣಿ ಎಲ್ಲಿ ಉಳಿತ್ ಮಗಾ?" ಎಂದಿದ್ದರು. ಆ ಮಾತು ನನಗೆ ಅರ್ಥವಾದದ್ದು ನಲವತ್ತು ವರ್ಷ ಕಳೆದ ಮೇಲೆ, ಪವಾಯಿಯ ಒಂದು ಸಿಗ್ನಲ್ಲಿನಲ್ಲಿ.

ಎಂ.ಕಾಂ. ಮುಗಿಸಿ, ಬ್ಯಾಂಕಿನ ಕೆಲಸ ಹಿಡಿದು ಮುಂಬೈಗೆ ಬಂದ ನಾನು ಕಾರು ಕಲಿತದ್ದು ನಲವತ್ತೈದು ದಾಟಿದ ಮೇಲೆ. ಕಲಿಸಿದ ಮೇಷ್ಟ್ರು ಕ್ಲಚ್, ಬ್ರೇಕ್, ಹಾರ್ನ್ ಮೂರನ್ನೂ ಚೆನ್ನಾಗಿ ಕಲಿಸಿದರು. ರಸ್ತೆಯ ಮೇಲಿನ ಬಿಳಿ ಗೆರೆ ಯಾತಕ್ಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ದಿನವಿಡೀ ಲೆಡ್ಜರಿನ ಗೆರೆ ನೋಡುತ್ತಿದ್ದವನಿಗೆ ರಸ್ತೆಯ ಗೆರೆ ಕಾಣದೇ ಹೋಯಿತು ಎನ್ನಿ!

2011ರ ಜುಲೈ. ಜಿಟಿಜಿಟಿ ಮಳೆ. ಅಂಧೇರಿ ಕಡೆಯಿಂದ ಜೋಗೇಶ್ವರಿ-ವಿಕ್ರೋಲಿ ಲಿಂಕ್ ರಸ್ತೆಯಲ್ಲಿ ಬರುತ್ತಿದ್ದೆ. ಎಡಕ್ಕೆ ತುಂಬಿದ ಪವಾಯಿ ಕೆರೆ. ಮನೆಗೆ ಬರಲು ಮುಂದೆ ಬಲಕ್ಕೆ ತಿರುಗಬೇಕು. ಬಲಗಡೆಯ ಲೇನಿನಲ್ಲಿ ತಿರುಗುವವರ ಉದ್ದ ಸಾಲು. ಎಡಗಡೆಯ ಲೇನು ಖಾಲಿ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಎಡದಲ್ಲೇ ಮುಂದೆ ಬಂದು, ಹಸಿರು ಬಿದ್ದ ಕೂಡಲೇ ಬಲಕ್ಕೆ ಎಳೆದೆ. ನಡುವಿನ ಲೇನಿನಲ್ಲಿ ನೇರ ಹೋಗುತ್ತಿದ್ದ ಒಬ್ಬ ಹುಡುಗ ಗಕ್ಕನೆ ಬ್ರೇಕ್ ಹಾಕಿದ. ಮಳೆಯಲ್ಲಿ ಆ ಬಣ್ಣದ ಪಟ್ಟಿ ಜಾರುತ್ತದೆ. ಸ್ಕೂಟರ್ ಮಗುಚಿತು, ಟಿಫಿನ್ ಡಬ್ಬಿ ಉರುಳಿ ಹೋಯಿತು.

ಓಡಿ ಹೋಗಿ ಎಬ್ಬಿಸಿದೆ. ಎಡ ಮಣಿಕಟ್ಟು ಆಗಲೇ ಊದಿಕೊಂಡಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಜಾನೇ ದೋ ಅಂಕಲ್, ಲೇಟ್ ಹೋ ರಹಾ ಹೈ" ಎಂದ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊರಡುವ ಮುಂಚೆ ಆಶ್ಚರ್ಯದಿಂದಲೇ ಒಂದು ಮಾತು ಕೇಳಿದ: "ಆಪ್ ತೋ ಲೆಫ್ಟ್ ಮೇ ಥೇ ನಾ?" ನೀವು ಎಡಗಡೆ ಇದ್ದಿರಲ್ಲವಾ?

ಪೊಲೀಸರಿಲ್ಲ, ದಂಡವಿಲ್ಲ, ಅವನ ಹೆಸರೂ ಗೊತ್ತಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆಮೇಲೆ ನಿಯಮ ಹುಡುಕಿ ಓದಿದೆ. ಆಗ ಜಾರಿಯಲ್ಲಿದ್ದದ್ದು 1989ರ ನಿಯಮಾವಳಿ. 2017ರಲ್ಲಿ ಹೊಸದು ಬಂತು. ಸಾರಾಂಶ ಸರಳ. ಬಿಳಿ ತುಂಡುಗೆರೆಯನ್ನು, ಹಿಂದೆ ಮುಂದೆ ನೋಡಿ, ಸುರಕ್ಷಿತವಾಗಿದ್ದರೆ ದಾಟಬಹುದು. ಒಂದೇ ಸಮನೆ ಎಳೆದ ಗೆರೆಯನ್ನು ದಾಟಬಾರದು. ಎಡಕ್ಕೆ ತಿರುಗುವವನು ಎಡ ಅಂಚಿಗೇ ಇರಬೇಕು. ಬಲಕ್ಕೆ ತಿರುಗುವವನು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಬಹಳ ಮೊದಲೇ ರಸ್ತೆಯ ಮಧ್ಯಕ್ಕೆ, ಡಿವೈಡರ್ ಇದ್ದಲ್ಲಿ ಅದರ ಪಕ್ಕಕ್ಕೆ ಸರಿದಿರಬೇಕು. ಎದುರಿನಿಂದ ನೇರ ಬರುವವರಿಗೆ ದಾರಿ ಬಿಡಬೇಕು. ಮೂಲೆ ಕತ್ತರಿಸದೆ ಹೊಸ ರಸ್ತೆಯ ಎಡಭಾಗಕ್ಕೆ ಸೇರಬೇಕು. ಬಸ್ಸು ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಆದ್ದರಿಂದ ಎಡಕ್ಕೆ ತಿರುಗುವ ಬಸ್ಸಿನ ಎಡಪಕ್ಕಕ್ಕೆ ಬೈಕು ನುಗ್ಗಿಸಬಾರದು.

ಓದಿದ ಮೇಲೆ ಹುಡುಗನ ಪ್ರಶ್ನೆಯ ಅರ್ಥ ಹೊಳೆಯಿತು. ನಾನು ಎಡದ ಲೇನಿನಲ್ಲಿ ನಿಂತಾಗಲೇ, "ನಾನು ಬಲಕ್ಕೆ ತಿರುಗುವುದಿಲ್ಲ" ಎಂದು ಅವನಿಗೆ ಮಾತು ಕೊಟ್ಟಿದ್ದೆ. ಅವನು ನಂಬಿದ, ನಾನು ತಪ್ಪಿದೆ. ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರ್ ಮಾತು ಕೊಟ್ಟಿರುತ್ತಾರಲ್ಲ, ಹಾಗೆ. ಕಾಗದಕ್ಕೆ ಬೆಲೆಯಿಲ್ಲ, ಮಾತಿಗೆ ಬೆಲೆ. ಗೆರೆಯೂ ಬರೀ ಬಣ್ಣ. ನಂಬುವವನೊಬ್ಬ ಇರುವುದರಿಂದಲೇ ಅದಕ್ಕೆ ಬೆಲೆ.

"ಸ್ವಾಮೀ, ಯಾರೂ ಪಾಲಿಸದ ಕಡೆ ನಾನೊಬ್ಬ ಪಾಲಿಸಿ ಪೆದ್ದನಾಗಬೇಕಾ?" ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಸರಿಯಾದ ಲೇನಿನಲ್ಲಿ ಕಾಯುವವನಿಗೆ ಹಿಂದಿನಿಂದ ಹಾರ್ನ್ ಬೀಳುವುದು ನಿಜ. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಗೆರೆ ಅಳಿಸಿ ಹೋಗುವುದೂ ನಿಜ. ನಮ್ಮ ಲಿಂಕ್ ರಸ್ತೆಯಲ್ಲಂತೂ ಮೆಟ್ರೊ ಕೆಲಸ ಶುರುವಾದ ಮೇಲೆ ಬ್ಯಾರಿಕೇಡ್ ಎಲ್ಲಿದೆಯೋ ಅದೇ ಲೇನು ಎಂಬಂತಾಗಿತ್ತು. ಆದರೆ ಬಣ್ಣ ಅಳಿಸಿದರೂ ಕರ್ತವ್ಯ ಅಳಿಸುವುದಿಲ್ಲ: ನಾನು ಏನು ಮಾಡಲಿದ್ದೇನೆ ಎಂದು ಹಿಂದಿನವನಿಗೆ ಮೊದಲೇ ತಿಳಿಸುವುದು, ತಿಳಿಸಿದ್ದನ್ನೇ ಮಾಡುವುದು. ನಿಯಮ ಮುರಿಯುವ ಹತ್ತು ಜನರಿಗೆ ನಾನೇನೂ ಕೊಡಬೇಕಾಗಿಲ್ಲ. ನಂಬಿಕೊಂಡು ಬರುವ ಹನ್ನೊಂದನೆಯವನಿಗೆ ಕೊಡಬೇಕಾಗಿದೆ. ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಹನ್ನೊಂದನೆಯವರು ಎಷ್ಟು ಜನವಿದ್ದರೋ!

ಊರಲ್ಲಿ ಪಕ್ಕದ ಗದ್ದೆಯವನ ಹೆಸರು ಗೊತ್ತು. ಜಗಳವಾದರೂ ಸಂಜೆ ದೇವಸ್ಥಾನದಲ್ಲಿ ಮುಖ ನೋಡಬೇಕು. ಆ ದಾಕ್ಷಿಣ್ಯವೇ ಕಾಯುತ್ತದೆ. ಪರವೂರಿನಲ್ಲಿ ಪಕ್ಕದ ಲೇನಿನವನು ಯಾರೋ, ಮತ್ತೆ ಸಿಗುವವನಲ್ಲ. ಅವನಿಗೂ ನನಗೂ ಇರುವ ಸಂಬಂಧ ಆ ಒಂದು ಗೆರೆ ಮಾತ್ರ.

ಆ ಹುಡುಗನ ಸಾಲ ತೀರಿಸುವುದು ಹೇಗೆ? ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ಬ್ಯಾಂಕುಗಳು 2014ರಿಂದ ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ಕಳಿಸುತ್ತವೆ. ಅಷ್ಟಕ್ಕೇ ಹೊಣೆ ತೀರುವುದಿಲ್ಲ. ವಾರಸುದಾರ ಬಂದರೆ ಕೊಡಲೇಬೇಕು. ನನ್ನದೂ ಅದೇ ಲೆಕ್ಕ. ಅವನು ಸಿಗುವವರೆಗೆ ಉಳಿದವರ ಖಾತೆಗೆ ಜಮಾ ಮಾಡುತ್ತಿದ್ದೇನೆ. ಲೇನು ತಪ್ಪಿದರೆ ಅಡ್ಡ ಎಳೆಯದೆ ನೇರ ಹೋಗಿ, ಮುಂದೆ ತಿರುಗಿ ಬರುತ್ತೇನೆ. ಹತ್ತು ನಿಮಿಷ ಹೆಚ್ಚು. "ಇವತ್ತೂ ಊರು ಸುತ್ತಿಸ್ತ್ರಿಯಾ?" ಎಂದು ಹೆಂಡತಿ ಗೊಣಗುತ್ತಾಳೆ.

ಕಳೆದ ಸಲ ಊರಿಗೆ ಹೋದಾಗ ತಮ್ಮನ ಮಗ ಬೈಕಿನಲ್ಲಿ ಕೂರಿಸಿಕೊಂಡು, ತಿರುಗುವ ಜಾಗ ದೂರವೆಂದು, ಹೆದ್ದಾರಿ 66ರಲ್ಲಿ ಎದುರುದಿಕ್ಕಿಗೇ ಹೊರಟ. ನಿಲ್ಲಿಸು ಎಂದೆ. "ಇದ್ ಬೊಂಬಾಯಿ ಅಲ್ಲ ದೊಡ್ಡಪ್ಪಯ್ಯ, ಇಲ್ಲಿ ಎಲ್ಲ ನಮ್ಮವರೇ" ಎಂದು ನಕ್ಕ.

"ಹೌದಪ್ಪಾ," ಎಂದು ಕೆಳಗಿಳಿದೆ. "ಎದುರಿನಿಂದ ಬರುವ ಟ್ಯಾಂಕರಿನವನಿಗೆ ನಾವು ಯಾರ ಮನೆಯವರೆಂದು ಗೊತ್ತುಂಟಾ?"